ದೇವರು ಬಂದ ಹೊತ್ತು

"ತುಟಿ ಜುಮು ಜುಮು ಅನ್ನಾಕತ್ತಾವ ನೋಡು," ಎಂದ ಗೊಲ್ಲಾಳಪ್ಪ.

ಹೆಂಡತಿ ತುಳಜಾಬಾಯಿಯ ಎದೆ ಧಸಕ್ಕೆಂದಿತು, ಹೆದರಿಕೆಯಿಂದಲ್ಲ, ಆಸೆಯಿಂದ. ಅಕ್ಕಲಕೋಟದ ಆಚೆಯ ಅವರ ಹಟ್ಟಿಯಲ್ಲಿ ಕುಲದೇವರು ಬೀರೋಬಾ ಗಂಡನ ಮೈಮೇಲೆ ಬರುವಾಗ ಮೊದಲು ಜುಮ್ಮೆನ್ನುವುದು ತುಟಿಯೇ. ಆಮೇಲೆ ಬೆರಳು ಸೆಟೆಯುತ್ತವೆ, ಮೈ ನಡುಗುತ್ತದೆ, ಕಡೆಗೆ ದೇವರು ಎಲ್ಲರನ್ನೂ ಮಗನೇ ಮಗಳೇ ಎನ್ನುತ್ತ ಮಾತಿಗಿಳಿಯುತ್ತಾನೆ. ಕಿಡ್ನಿ ಕೆಟ್ಟಂದಿನಿಂದ ದೇವರು ಇತ್ತ ಸುಳಿದಿರಲಿಲ್ಲ. ದೇವರೇ ಕೈಬಿಟ್ಟ ಮೇಲೆ ಡಾಕ್ಟರು ಏನು ಮಾಡ್ಯಾರು ಎಂದು ಜನ ಅವಳ ಮುಂದೆಯೇ ಆಡಿಕೊಂಡಿದ್ದರು. ಆಡುವವರ ಬಾಯಿಗೆ ಬೀಗ ಹಾಕುವವರಾರು?

ಸೊಲ್ಲಾಪುರದ ಈ ಆಸ್ಪತ್ರೆಗೆ ತಂದಾಗ ಅವನು ರಕ್ತ ಕಾರುತ್ತಿದ್ದ. ಹೊಟ್ಟೆಯಲ್ಲಿ ಹುಣ್ಣು. ಡಯಾಲಿಸಿಸ್ ಮೆಷಿನ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಎಲ್ಲರಿಗೂ ಕೊಡುವ ಔಷಧಿ ಕೊಟ್ಟರೆ ಹುಣ್ಣು ಇನ್ನಷ್ಟು ಸೋರುತ್ತದೆಂದು ಇವನಿಗೆ ಸಿಟ್ರೇಟ್ ಎಂಬ ಬೇರೆಯದನ್ನು ಹಚ್ಚಿದ್ದರು. ಸಿಸ್ಟರ್ ಪ್ರಾಜಕ್ತಾ ಮೊದಲೇ ಹೇಳಿದ್ದಳು: "ಮಾವಶಿ, ಇದು ರಕ್ತದಾಗಿನ ಕ್ಯಾಲ್ಸಿಯಂ ಹಿಡ್ಕೊಂತದ. ಅದಕ್ಕ ಈ ಕೈಗೆ ಬಾಟ್ಲಿ ಹಚ್ಚಿ ಕ್ಯಾಲ್ಸಿಯಂ ವಾಪಸ್ ಕೊಡಾಕತ್ತೀವಿ. ತುಟಿ ಜುಮ್ ಅಂದ್ರ ಲಗೇಚ್, ಆಗಿಂದಾಗ ಕರೀರಿ."

ತುಳಜಾಬಾಯಿ ಹೂಂ ಅಂದಿದ್ದಳು. ಮೆಷಿನ್ ಸುರುವಾಗಿ ಗಂಡನಿಗೆ ಥಂಡಿ ಹತ್ತಿದಾಗ, ತಾನೇ ಉಣ್ಣೆ ನೂತು ನೇಯಿಸಿದ ಕಂಬಳಿಯನ್ನು ಎದೆತನಕ ಹೊದಿಸಿ, ಬಾಟ್ಲಿ ಹಚ್ಚಿದ ಕೈಯ ಕೆಳಗೆ ಅಂಚನ್ನು ಬಿಗಿಯಾಗಿ ಸಿಕ್ಕಿಸಿದ್ದಳು.

ಸಿಸ್ಟರ್ ಹೇಳಿದ್ದು ಈಗ ನೆನಪಾಗದೆ ಇರಲಿಲ್ಲ. ಆದರೆ ಅವಳನ್ನು ಕರೆದರೆ ಬರುತ್ತಿರುವ ದೇವರು ಅರ್ಧಕ್ಕೇ ತಿರುಗಿ ಹೋದಾನು. ತುಳಜಾಬಾಯಿ ಸೆರಗಿನ ಗಂಟು ಬಿಚ್ಚಿ, ದೇವರ ಅರಿಶಿನ ಭಂಡಾರ ತೆಗೆದು ಗಂಡನ ಹಣೆಗೆ ಬಳಿದಳು. ಕಂಬಳಿಯ ಹೊರಗಿದ್ದ ಕೈಯ ಬೆರಳುಗಳು ಸೆಟೆದು ಒಂದಕ್ಕೊಂದು ಅಂಟಿದವು.

"ಬಂದಿಯಪಾ ನಮ್ಮಪ್ಪಾ," ಎಂದು ಮೊಣಕಾಲೂರಿದಳು. "ಬಾಳ ಕಾಯಿಸಿದಿ. ಇವರ ಜೀವ ಉಳಿಸ್ತಿಯೋ ಇಲ್ಲೋ, ಅದೊಂದ ಹೇಳು."

ಮೈ ಅದುರಿತು, ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು.

"ಹೇಳಪಾ. ಹೇಳದ ಹೋಗಬ್ಯಾಡ."

ಕಚ್ಚಿದ ಹಲ್ಲುಗಳ ನಡುವಿನಿಂದ ಒಂದೇ ಮಾತು ಹೊರಟಿತು. "ತುಳಜಾ..."

ಬೀರೋಬಾ ಅವಳನ್ನು ಎಂದೂ ಹೆಸರು ಹಿಡಿದು ಕರೆದವನಲ್ಲ. ಹಾಗೆ ಕರೆಯುವವನು ಗಂಡನೊಬ್ಬನೇ.

"ಸಿಸ್ಟರ್‌ಬಾಯಿ, ಓಡಿ ಬರ್ರಿ. ದೇವರಲ್ಲರಿ ಇದು, ನಮ್ಮನಿಯವ್ರು."

ಪ್ರಾಜಕ್ತಾ ಬಂದವಳೇ ಕಂಬಳಿ ಕಿತ್ತೆಸೆದಳು. ಅದರ ಮಡಿಕೆಯಲ್ಲಿ ಕ್ಯಾಲ್ಸಿಯಂ ನಳಿಕೆ ಚಪ್ಪಟೆಯಾಗಿ ಮಡಚಿಕೊಂಡಿತ್ತು. ಬಾಟ್ಲಿಯ ಹನಿ ಯಾವಾಗಲೋ ನಿಂತಿತ್ತು. ಸಿಟ್ರೇಟ್ ನಿಲ್ಲಿಸಿ, ನಳಿಕೆ ನೆಟ್ಟಗೆ ಮಾಡಿ, ಡಾಕ್ಟರನ್ನು ಕೂಗಿದಳು. ಅವರು ಬಂದು ಕ್ಯಾಲ್ಸಿಯಂ ಸೂಜಿಯನ್ನು ನಿಧಾನಕ್ಕೆ ಕೊಟ್ಟರು.

"ಹೇಳಿದ್ನಲ್ಲರಿ ಮಾವಶಿ," ಎಂದಳು ಪ್ರಾಜಕ್ತಾ, ಮುಖ ನೋಡದೆ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ತುಳಜಾಬಾಯಿಗೆ.

ಬೆರಳುಗಳು ಮೆಲ್ಲಗೆ ಸಡಿಲವಾದವು. ಗೊಲ್ಲಾಳಪ್ಪ ಕಣ್ಣು ತೆರೆದ. ಬೆವರಿನಲ್ಲಿ ಹುಬ್ಬಿಗೆ ಇಳಿದಿದ್ದ ಭಂಡಾರವನ್ನು ಮುಟ್ಟಿ ನೋಡಿಕೊಂಡ.

"ಬಂದಿದ್ನೇನು?"

"ಬಂದಿದ್ದ."

"ಏನಂದ?"

ಅವಳು ನೆಲದ ಮೇಲೆ ಬಿದ್ದಿದ್ದ ಕಂಬಳಿಯ ಕಡೆ ನೋಡಿದಳು.

"ಕಂಬಳಿ ತಗಿ ಅಂದ."

ಅವನು ನಂಬಿ ಕಣ್ಣು ಮುಚ್ಚಿದ. ಥಂಡಿಗೆ ಹಲ್ಲು ಕಟಕಟ ಅನ್ನುತ್ತಲೇ ಇದ್ದವು. ಅವಳು ಕಂಬಳಿಯನ್ನು ಮಡಚಿ ಮಂಚದಡಿ ಇಟ್ಟಳು. ಅವನ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಉಜ್ಜುತ್ತ, ಬಾಟ್ಲಿಯಿಂದ ಬೀಳುವ ಹನಿಯನ್ನೇ ನೋಡುತ್ತ ಕೂತಳು.