ನಾಯಕನ ಕೋಟಿನ ಐದು ಕಾಜಾ

ನಾಲ್ಕು ದಿನದ ಪ್ರವಾಸಕ್ಕೆ ಅಪ್ಪ ಒಪ್ಪಿದ್ದು ಒಂದೇ ಒಂದು ಕರಾರಿನ ಮೇಲೆ. ದೋಣಿವಿಹಾರ, ಅಂಗಡಿ ಬೀದಿ, ಗಾಜಿನ ಲಿಫ್ಟಿನ ಗೋಪುರ, ಎಲ್ಲಕ್ಕೂ ಬರುತ್ತೇನೆ. ಆದರೆ ಒಂದು ಗಂಟೆ ಅಗ್ನಿಶಾಮಕ ದಳದ ಸ್ಮಾರಕ ಸಂಗ್ರಹಾಲಯಕ್ಕೆ ಬಿಡಬೇಕು. ಭಾವ ತಮ್ಮ ಪಟ್ಟಿಯಲ್ಲಿ ಮೂರನೆಯ ದಿನ, ಮೂರರಿಂದ ನಾಲ್ಕು ಎಂದು ಬರೆದು, ಪಕ್ಕದಲ್ಲಿ ‘ಮಾವನ ಕೋಟು’ ಎಂದು ಸೇರಿಸಿ, ಅಕ್ಕನಿಗೆ ತೋರಿಸಿ ನಕ್ಕಿದ್ದರು.

ಆ ಕೋಟಿನ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಮದುವೆಯಾದ ಹೊಸತರಲ್ಲಿ ಅಪ್ಪ ಈ ನಗರದ ದರ್ಜಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಆಗ ದಳದ ನಾಯಕನಿಗೆ ಉಣ್ಣೆಯ ಕೋಟು ಹೊಲಿದುಕೊಟ್ಟರಂತೆ. ಮರುವರ್ಷ ದೊಡ್ಡ ಮಾರುಕಟ್ಟೆಗೆ ಬೆಂಕಿ ಬಿತ್ತು. ನಾಯಕ ನಾಲ್ಕು ಸಲ ಒಳಗೆ ಹೋಗಿ ನಾಲ್ಕು ಸಲವೂ ಹೊರಗೆ ಬಂದ. ನಾಲ್ಕನೆಯ ಸಲ ಒಂದು ಮಗುವನ್ನು ತನ್ನ ಕೋಟಿನಲ್ಲಿ ಸುತ್ತಿ ತಂದು ಕೆಳಗಿಟ್ಟ. ಐದನೆಯ ಸಲ ಕೋಟಿಲ್ಲದೆ ಹೋದವನು ಬರಲಿಲ್ಲ. ಅವನ ಜೊತೆಯವರು ಹತ್ತು ಮಂದಿಯೂ ಬರಲಿಲ್ಲ.

ಇಷ್ಟು ಊರಿಗೆಲ್ಲ ಗೊತ್ತಿದ್ದದ್ದು. ಕೋಟು ಹೊಲಿದವರು ಅಪ್ಪ ಎಂಬುದು ಅಪ್ಪನಿಗೆ ಮಾತ್ರ ಗೊತ್ತಿದ್ದದ್ದು. ಅಮ್ಮ ನಂಬುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ನ್ಯಾಯಾಧೀಶರ ಕರಿ ನಿಲುವಂಗಿ, ಪ್ರಸಿದ್ಧ ಜಾದೂಗಾರನ ಒಳಜೇಬು, ಸರ್ಕಸ್ಸಿನ ಕರಡಿಯ ಚಡ್ಡಿ, ಹೀಗೆ ಅಪ್ಪ ಹೊಲಿದೆನೆಂದು ಹೇಳಿಕೊಂಡ ಬಟ್ಟೆಗಳು ಒಂದು ಆಯುಷ್ಯಕ್ಕೆ ಹೆಚ್ಚೇ ಆಗಿದ್ದವು.

“ನಿಮ್ಮ ಮಾತು ಕೇಳಿದ್ರೆ ಈ ಲೋಕದಲ್ಲಿ ಮಾನ ಮುಚ್ಕೊಂಡೋರೆಲ್ಲ ನಿಮ್ಮಿಂದಾನೇ ಮುಚ್ಕೊಂಡಿದ್ದು,” ಎಂದು ಅಮ್ಮ ಆ ದಿನವೂ ಮೆಟ್ಟಿಲು ಹತ್ತುತ್ತ ಹೇಳಿದರು.

“ಇವತ್ತು ಕಣ್ಣಾರೆ ನೋಡ್ತೀಯಲ್ಲ,” ಎಂದರು ಅಪ್ಪ. ಬೆಳಿಗ್ಗೆ ಎರಡು ಸಲ ಗಡ್ಡ ಹೆರೆದುಕೊಂಡಿದ್ದರು.

ಹನ್ನೊಂದು ಹೆಸರುಗಳ ಗೋಡೆಯ ಮುಂದೆ ಅಮ್ಮ ಕೂಡ ಮಾತು ನಿಲ್ಲಿಸಿದರು. ನಾನು ಕೈಮುಗಿದೆ. ಆಮೇಲೆ ಸುಟ್ಟ ಬೂಟುಗಳು, ಚಪ್ಪಟೆಯಾದ ಗಂಟೆ, ಕೊನೆಗೆ ಗಾಜಿನ ಪೆಟ್ಟಿಗೆಯಲ್ಲಿ ಕೋಟು. ಅಪ್ಪ ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟರು. ಕಾವಲುಗಾರ ಹಳದಿ ಬಟ್ಟೆ ಹಿಡಿದು ಬಂದ.

“ಸ್ವಲ್ಪ ಹಿಂದಕ್ಕೆ ನಿಲ್ಲಿ ಯಜಮಾನ್ರೇ,” ಎಂದು ಮೂಗಿನ ಗುರುತು ಒರೆಸಿದ.

ಭಾವ ಕೆಳಗಿನ ಫಲಕವನ್ನು ಗಟ್ಟಿಯಾಗಿ ಓದಿದರು: “ನಾಯಕನ ಕೋಟು. ಹೊರದೇಶದ ಕಾರ್ಖಾನೆಯಲ್ಲಿ ಯಂತ್ರದಿಂದ ಹೊಲಿದದ್ದು.” ಅದನ್ನೇ ಇನ್ನೊಮ್ಮೆ ಓದಿದರು. ಎರಡನೆಯ ಸಲ ಅವರ ದನಿ ಇಳಿದಿತ್ತು.

ಅಪ್ಪ ಕನ್ನಡಕ ತೆಗೆದು ಜೇಬಿಗಿಟ್ಟರು. “ನಡೀರಿ ಅಳಿಯಂದ್ರೇ. ದೋಣಿಗೆ ಹೊತ್ತಾಗುತ್ತೆ.”

ಬಕೆಟ್ಟಿನ ನೀರಿಗೂ ಹೆದರುವ ಅಪ್ಪ ದೋಣಿಯ ಮಾತೆತ್ತಿದ್ದು ಕೇಳಿ ಅಮ್ಮನ ಮುಖ ಬದಲಾಯಿತು. ಅವರು ಕಾವಲುಗಾರನ ಕಡೆ ತಿರುಗಿದರು.

“ಈ ಬೋರ್ಡು ಬರ್ದೋರು ಯಾರಪ್ಪ?”

“ನಾನಲ್ಲಮ್ಮ. ನಾನು ಗಾಜು ಒರೆಸೋನು.”

“ಬರ್ದೋರನ್ನ ಕರಿ.”

“ಅಮ್ಮ,” ಅಕ್ಕ ಮೆಲ್ಲಗೆ ಸೆರಗು ಎಳೆದಳು, “ಬುರುಡೆ ಅಂತಿದ್ದೋಳು ನೀನೇ ಅಲ್ವಾ?”

“ನಾನು ಅಂತೀನಿ. ನಲವತ್ತೆರಡು ವರ್ಷ ಬೇಯಿಸಿ ಹಾಕಿದೀನಿ, ಅಂತೀನಿ. ಈ ಬೋರ್ಡು ಏನು ಮಾಡಿದೆ?”

ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡ ಅಧಿಕಾರಿಣಿ ಬಂದರು. ಕೋಟಿನೊಳಗಿನ ಅಂಗಡಿಯ ಚೀಟಿ ಸುಟ್ಟುಹೋಗಿದೆ, ಆ ಕಾಲಕ್ಕೆ ದಳದ ಕೋಟುಗಳು ಹೊರದೇಶದಿಂದ ಬರುತ್ತಿದ್ದವು, ಹಾಗಾಗಿ ಇದೂ ಅಲ್ಲಿಯದೇ ಇರಬೇಕು ಎಂದು ವಿವರಿಸಿದರು.

“ಅಂದ್ರೆ ಅಂದಾಜು,” ಎಂದರು ಅಮ್ಮ. “ಇವರು ತಾವೇ ಹೊಲಿದಿದ್ದು ಅಂತಾರೆ.”

“ನೀವೇ ಹೊಲಿದಿದ್ದು ಅನ್ನೋಕೆ ಏನಾದ್ರೂ ಗುರುತಿದ್ಯಾ?” ಅಧಿಕಾರಿಣಿ ಅಪ್ಪನನ್ನು ಕೇಳಿದರು.

“ಆ ನಾಯಕನಿಗೆ ಕಚಗುಳಿ ಜಾಸ್ತಿ ಮೇಡಂ. ಕಂಕುಳ ಹತ್ರ ಟೇಪು ತಂದ್ರೆ ಸಾಕು, ನಗೋನು. ಮೂರು ಸಲ ಅಳತೆ ತೆಗೆದೆ, ಮೂರು ಸಲಾನೂ ಬೇರೆ ಬೇರೆ ಬಂತು.”

“ಅದನ್ನ ದಾಖಲೆ ಅಂತ ತಗೊಳ್ಳೋಕಾಗಲ್ಲ.”

ಅವರು ಮಾತಾಡುವಷ್ಟು ಹೊತ್ತು ನಾನು ಕೋಟಿನ ಕಾಜಾಗಳನ್ನೇ ನೋಡುತ್ತಿದ್ದೆ. ಗುಂಡಿ ತೂರಿಸಲು ಬಟ್ಟೆ ಕತ್ತರಿಸಿ, ಆ ಸೀಳಿನ ಸುತ್ತ ದಾರ ಹೆಣೆದಿದ್ದು ಐದು ಕಡೆ. ಹೊಲಿಗೆ ಸಮವಾಗಿರಲಿಲ್ಲ. ಎರಡು ಗಿಡ್ಡ, ಒಂದು ಉದ್ದ. ಎರಡು ಗಿಡ್ಡ, ಒಂದು ಉದ್ದ.

ನಾನು ಬೆಳೆದದ್ದು ಅಪ್ಪನ ಮೇಜಿನ ಕೆಳಗೆ, ಕತ್ತರಿಸಿ ಬಿದ್ದ ಚೂರುಗಳ ಮೇಲೆ ಮಲಗಿ. ಕಾಜಾ ಹೆಣೆಯುವಾಗ ಅಪ್ಪ ದೇವರ ಪದ್ಯ ಹೇಳುತ್ತಿದ್ದರು. ಆರು ಸಾಲಿನ ಪದ್ಯ. ಎರಡು ಚಿಕ್ಕ ಸಾಲು, ಒಂದು ಉದ್ದದ್ದು, ಮತ್ತೆ ಎರಡು ಚಿಕ್ಕದು, ಒಂದು ಉದ್ದದ್ದು. ಸಾಲಿಗೊಂದು ಹೊಲಿಗೆ. ಉದ್ದ ಸಾಲು ಬಂದಾಗ ರಾಗದ ಜೊತೆ ಕೈಯೂ ಎಳೆಯುತ್ತಿತ್ತು. ಕಾಜಾಕ್ಕೆ ಐದು ಪದ್ಯ. ಗಿರಾಕಿಗಳು ಹಳೇ ಬಾಚಣಿಗೆಯ ಹಲ್ಲಿನ ಹಾಗಿದೆ ಎಂದು ಗೊಣಗುತ್ತಿದ್ದರು. ಗೊಣಗಿದರೂ ಮತ್ತೆ ಬರುತ್ತಿದ್ದರು, ಗುಂಡಿ ಕಿತ್ತುಬಂದರೂ ಕಾಜಾ ಬಿಚ್ಚುತ್ತಿರಲಿಲ್ಲ.

“ಅಪ್ಪ, ಪದ್ಯ ಹೇಳಿ,” ಎಂದೆ.

“ಇಲ್ಲೇನಮ್ಮ?”

“ಹೇಳಿ.”

ಅಪ್ಪ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಸಾಲು ಮುಗಿದಂತೆಲ್ಲ ನಾನು ಗಾಜಿನ ಮೇಲೆ ಒಂದೊಂದು ಹೊಲಿಗೆಗೆ ಬೆರಳಿಟ್ಟೆ. ಅಧಿಕಾರಿಣಿ ಬಗ್ಗಿದರು. ಭಾವ ಮೊಬೈಲಿನಲ್ಲಿ ಚಿತ್ರ ದೊಡ್ಡದು ಮಾಡಿ ಹಿಡಿದರು. ಮೊದಲ ಕಾಜಾ ಪದ್ಯಕ್ಕೆ ಸರಿಯಾಗಿ ಕೂತಿತು. ಎರಡನೆಯದೂ, ಮೂರನೆಯದೂ.

“ಯಂತ್ರ ಹೀಗೆ ಹೊಲಿಯಲ್ಲ,” ಎಂದರು ಅಧಿಕಾರಿಣಿ, ತಮಗೆ ತಾವೇ ಎಂಬಂತೆ. ಮರುಗಳಿಗೆ ಹುಬ್ಬು ಗಂಟಿಕ್ಕಿದರು. “ಆದ್ರೆ ನಾಲ್ಕನೇದು ನೋಡಿ.”

ನಾಲ್ಕನೆಯದರಲ್ಲಿ ಎರಡು ಪದ್ಯ ಸರಿಯಾಗಿ ನಡೆದು, ಅಲ್ಲಿಂದಾಚೆ ಎಲ್ಲವೂ ಗಿಡ್ಡ. ಐದನೆಯದು ಮತ್ತೆ ಸರಿ.

ಅಪ್ಪ ಕನ್ನಡಕ ಮತ್ತೆ ಹಾಕಿಕೊಂಡು ನೋಡಿದರು. ಇಷ್ಟು ಬಂದದ್ದೂ ಕೈಜಾರುವ ಹಾಗಿತ್ತು. ಆಮೇಲೆ ಅವರ ಕಣ್ಣು ನಿಧಾನವಾಗಿ ಅಮ್ಮನ ಕಡೆ ಹೊರಳಿತು.

“ಅವತ್ತು ಇವಳು ಅಂಗಡಿಗೆ ಬಂದಿದ್ಲು.”

“ನಾನಾ?”

“ಮದುವೆಯಾಗಿ ತಿಂಗಳಾಗಿತ್ತು. ನೀನು ಬೀಗದ ಕೈ ಮನೆ ಒಳಗಿಟ್ಟು ಬಾಗಿಲು ಎಳ್ಕೊಂಡು ಬಂದಿದ್ದೆ. ನಿನ್ನನ್ನ ಮಾತಾಡಿಸ್ತಾ ಹೊಲಿದೆ. ಪದ್ಯ ಬಿಟ್ಟೋಯ್ತು.”

“ಬೀಗದ ವಿಷಯ ಯಾರಿಗೂ ಹೇಳಲ್ಲ ಅಂದಿದ್ರಿ,” ಎಂದರು ಅಮ್ಮ.

“ಇಷ್ಟು ವರ್ಷ ಹೇಳಿದ್ನಾ?”

ಅಮ್ಮ ಗಾಜಿನ ಹತ್ತಿರ ಹೋದರು. “ಮೇಜಿನ ಮೇಲೆ ಒಂದು ದಪ್ಪ ಕೋಟು ಬಿದ್ದಿತ್ತು. ಒಂದೇ ಕೈಗೆ ಹಾಕ್ಕೊಂಡು ನೋಡಿದ್ದೆ. ತೋಳು ನನ್ನ ಮೊಣಕಾಲು ಮುಟ್ತಿತ್ತು.” ಒಳಗಿನ ಕೋಟಿನ ಉದ್ದ ತೋಳನ್ನು ನೋಡಿದರು. “ಯಾರದ್ದು ಅಂತ ಅವತ್ತೇ ಹೇಳಬಾರದಿತ್ತಾ?”

“ನೀನು ಅಳ್ತಿದ್ದೆ ಕಣೆ. ಬೀಗಕ್ಕೆ.”

ಅಧಿಕಾರಿಣಿ ಗಾಜಿನ ಪೆಟ್ಟಿಗೆಯ ಬೀಗ ತೆಗೆದು ಫಲಕವನ್ನು ಹೊರತೆಗೆದರು. ಸಮಿತಿಯ ಮುಂದೆ ಇಡಬೇಕು, ಆದರೆ ಅಲ್ಲಿಯವರೆಗೆ ಇದು ಇಲ್ಲಿರುವುದಿಲ್ಲ ಎಂದು, ಅದರ ಹಿಂಭಾಗದಲ್ಲೇ ಪೆನ್ಸಿಲಿನಿಂದ ಬರೆಯತೊಡಗಿದರು. “ನಾಲ್ಕನೇ ಕಾಜಾಕ್ಕೆ ಏನಂತ ಬರೀಲಿ?”

“ಕೆಟ್ಟದ್ದು ಹೆಂಡತಿಯಿಂದ ಅಂತ ಮಾತ್ರ ಬೇಡ,” ಎಂದರು ಅಮ್ಮ. ಸ್ವಲ್ಪ ಯೋಚಿಸಿ, “ಹೆಂಡತಿ ಬಂದಿದ್ರು ಅಂತ ಬರೀರಿ. ಸಾಕು.”

ಆಮೇಲೆ ಅಪ್ಪ ಇನ್ನೊಮ್ಮೆ ಗಾಜಿಗೆ ಮೂಗು ಒತ್ತಿದರು. ಪಕ್ಕದಲ್ಲಿ ಅಮ್ಮನೂ ಒತ್ತಿದರು. ಕಾವಲುಗಾರ ಹಳದಿ ಬಟ್ಟೆ ಮಡಿಸಿ ಕಿಟಕಿಯ ಕಡೆ ನೋಡುತ್ತ ನಿಂತ.

ಹೊರಗೆ ಬಂದಾಗ ಐದೂ ಕಾಲು. ಭಾವ ಪಟ್ಟಿಯಲ್ಲಿ ದೋಣಿಯನ್ನು ಹೊಡೆದುಹಾಕಿದರು.

“ಹಾಗೆ ನೋಡಿದ್ರೆ,” ಅಪ್ಪ ಮೆಟ್ಟಿಲಿಳಿಯುತ್ತ ಶುರುಮಾಡಿದರು, “ಆ ಕರಡಿ ಚಡ್ಡಿ ಕೂಡ...”

“ಗುಂಡಿ ಎಷ್ಟಿತ್ತು ಮಾವ?” ಭಾವ ಗಂಭೀರವಾಗಿ ಕೇಳಿ ಪಟ್ಟಿ ಬಿಚ್ಚಿದರು.

“ಅದು ಬುರುಡೆ,” ಎಂದು ಅಮ್ಮ ಅಪ್ಪನ ಕೈ ಹಿಡಿದು ರಸ್ತೆ ದಾಟಿಸಿದರು.