ಕವರ್ ತೆಗೆಯದ ಮನೆ

ನಮ್ಮ ಮನೆಯಲ್ಲಿ ಹೊಸ ವಸ್ತುವಿನ ಕವರ್ ತೆಗೆಯುವ ಹಕ್ಕು ಯಾರಿಗೂ ಇಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿ ಬಂದ ಪ್ಲಾಸ್ಟಿಕ್ ಹಾಳೆ ಹಳದಿಯಾಗಿ ಸುಕ್ಕುಗಟ್ಟಿದರೂ ಅಪ್ಪ ಅದನ್ನು ಮುಟ್ಟಗೊಡುವುದಿಲ್ಲ. ರಿಮೋಟಿನ ಗುಂಡಿಗಳನ್ನು ಕವರಿನ ಮೇಲಿಂದಲೇ ಅಂದಾಜಿನಲ್ಲಿ ಒತ್ತುತ್ತೇವೆ. ಇದಕ್ಕಾಗಿ ಅಪ್ಪನನ್ನು ಹೆಚ್ಚು ಗೇಲಿ ಮಾಡುವವಳು ನಾನೇ.

ಆ ಭಾನುವಾರ ಊಟದ ಮೇಜಿನ ತುಂಬ ಕಂಪ್ಯೂಟರಿನ ಬಿಡಿಭಾಗಗಳು. ವಿಜ್ಞಾನದ ಪಾಠಗಳಿಗೆ ಜೀವಕೋಶಗಳ ಚಲಿಸುವ ಚಿತ್ರ ಮಾಡುವುದು ನನ್ನ ಕೆಲಸ; ಹಳೆಯ ಯಂತ್ರ ಒಂದೊಂದು ಚಿತ್ರಕ್ಕೂ ದಿನವಿಡೀ ಏದುಸಿರು ಬಿಡುತ್ತಿತ್ತು. ತಿಂಗಳುಗಟ್ಟಲೆ ಓದಿ, ಹೋಲಿಸಿ, ಒಂದೊಂದೇ ಭಾಗ ಆರಿಸಿದ್ದೆ. ಅಕ್ಕನಿಗೆ ಇದು ಹುಚ್ಚಾಟವಾಗಿ ಕಂಡಿತ್ತು. ಅಂಗಡಿಯವರು ವಾಪಸು ತೆಗೆದುಕೊಳ್ಳುವುದು ಅಂದಿನ ಸಂಜೆಯವರೆಗೆ ಮಾತ್ರ. ಅಷ್ಟರೊಳಗೆ ಇದು ಓಡದಿದ್ದರೆ ಎಲ್ಲವನ್ನೂ ಹಿಂತಿರುಗಿಸಿ, ಅಂಗಡಿಯವರೇ ಜೋಡಿಸಿಟ್ಟ ಕಂಪ್ಯೂಟರನ್ನು ತರುವುದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು.

ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಉಸಿರು ಬಿಗಿಹಿಡಿದು ಇಳಿಸಿದೆ. ಮೇಲೆ ಶಾಖ ದಾಟಿಸುವ ಪೇಸ್ಟು, ಅದರ ಮೇಲೆ ಆ ಶಾಖವನ್ನು ಹೊರಹಾಕುವ ಕೂಲರ್. ಮೆಮೊರಿ ಪಟ್ಟಿ ಟಕ್ಕೆಂದು ಕೂತಾಗ ಮೈ ಜುಮ್ಮೆಂದಿತು. ಕೂದಲೆಳೆಯಂಥ ಸ್ವಿಚ್ಚಿನ ತಂತಿಗಳು ಮಾತ್ರ ಮಧ್ಯಾಹ್ನವನ್ನೇ ನುಂಗಿದವು.

ಗುಂಡಿ ಒತ್ತಿದೆ. ಫ್ಯಾನುಗಳು ತಿರುಗಿದವು, ಪರದೆ ಬೆಳಗಿತು. ನಾನು ಕೂತಲ್ಲೇ ಕುಣಿದೆ. ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಶಾಖ ಸರಸರನೆ ಏರಿ ತೊಂಬತ್ತು ದಾಟಿತು. ಯಂತ್ರ ತಾನಾಗಿಯೇ ಆರಿ ಎಲ್ಲವೂ ಕಪ್ಪಾಯಿತು. ಮತ್ತೆ ಹಾಕಿದರೂ ಅದೇ ಕಥೆ.

ಅಕ್ಕ ವಾಪಸು ಕೊಡಲೆಂದು ಖಾಲಿ ಡಬ್ಬಗಳನ್ನು ಒಂದೆಡೆ ಸೇರಿಸತೊಡಗಿದಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಕೂಲರನ್ನು ಮುಟ್ಟಿ ನೋಡಿದೆ. ತಣ್ಣಗಿತ್ತು. ಕೆಳಗೆ ತೊಂಬತ್ತು ಡಿಗ್ರಿ, ಮೇಲೆ ತಣ್ಣಗೆ! ಹಾಗಾದರೆ ಶಾಖ ಹುಟ್ಟುತ್ತಿದೆ, ಮೇಲೆ ಬರುತ್ತಿಲ್ಲ; ನಡುವೆ ಏನೋ ಅಡ್ಡ ನಿಂತಿದೆ. ಸ್ಕ್ರೂ ಬಿಚ್ಚಿ ಕೂಲರನ್ನು ತಿರುಗಿಸಿದೆ. ತಳದಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ‘ಕೂರಿಸುವ ಮೊದಲು ತೆಗೆಯಿರಿ’ ಎಂದು ಕೆಂಪಕ್ಷರದಲ್ಲಿ ಬೇರೆ ಬರೆದಿತ್ತು.

ಅಮ್ಮ ಬಗ್ಗಿ ನೋಡಿ ಅಪ್ಪನತ್ತ ತಿರುಗಿದಳು. “ಇವಳು ಯಾರ ಮಗಳು ಅಂತ ಇನ್ನು ಯಾರೂ ಕೇಳೋ ಹಾಗಿಲ್ಲ ಬಿಡಿ.”

ಅಕ್ಕ ಡಬ್ಬ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಕೂಲರನ್ನು ಅಪ್ಪನ ಮುಂದೆ ಹಿಡಿದೆ. “ಅಪ್ಪಾ, ಇದನ್ನ ನೀವೇ ತೆಗೀಬೇಕು.”

“ತೆಗೀಲೇಬೇಕಾ?”

“ತೆಗೀಲೇಬೇಕು.”

ಅಪ್ಪ ಕನ್ನಡಕ ಏರಿಸಿ, ಉಗುರಿನಿಂದ ತುದಿ ಎಬ್ಬಿಸಿ, ಗಾಯದ ಪಟ್ಟಿ ಬಿಡಿಸುವವರಂತೆ ನಿಧಾನವಾಗಿ ಸುಲಿದರು. ಹಳೆಯ ಪೇಸ್ಟು ಒರೆಸಿ, ಹೊಸದು ಹಚ್ಚಿ, ಮತ್ತೆ ಬಿಗಿದೆ. ಗುಂಡಿಯನ್ನು ಅಪ್ಪನಿಂದಲೇ ಒತ್ತಿಸಿದೆ.

ಮೂವತ್ತೆಂಟು. ನಲವತ್ತು. ಅಲ್ಲೇ ನಿಂತಿತು. ಜೀವಕೋಶದ ಚಿತ್ರ ತೆರೆದೆ. ಅದು ನೀರಿಗೆ ಬಿಟ್ಟ ಮೀನಿನಂತೆ ಸರಾಗವಾಗಿ ಹೊರಳಿತು. ಅಕ್ಕ ಅಂಗಡಿಗೆ ಫೋನು ಮಾಡಿ, ನಾವು ಬರುವುದಿಲ್ಲವೆಂದಳು.

ಕಂಪ್ಯೂಟರ್ ಪೆಟ್ಟಿಗೆಯ ಗಾಜಿನ ಬಾಗಿಲು ಮುಚ್ಚುವಾಗ ಅಪ್ಪ ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಮೆಲ್ಲಗೆ ಸವರಿದರು. “ಇದನ್ನೂ ಕೀಳಬೇಕಾ?”

“ಬೇಡಪ್ಪಾ,” ಎಂದೆ. “ಅದು ಇರಲಿ.”