ಲಯಲ್ ಯಾಕೆ ಮನೆಗೆ ಬರುತ್ತಿರಲಿಲ್ಲ

ಡಾರ್ಲಿಂಗ್ ನದಿದಂಡೆಯ ನಮ್ಮ ಮೂಲನಿವಾಸಿಗಳ ಕೇರಿಯಲ್ಲಿ ಗಂಡ ಸಂಜೆ ಮನೆಗೆ ಬರದಿದ್ದರೆ ಊರೇ ಕಥೆ ಕಟ್ಟುತ್ತದೆ. ಡೋರೀನಳ ಗಂಡ ಲಯಲ್ ಮನೆಗೆ ಬರುವುದನ್ನೇ ಬಿಟ್ಟಿದ್ದ. ಅಣ್ಣನ ಮನೆಯಲ್ಲಿ ಮಲಗುತ್ತೇನೆ ಎನ್ನುತ್ತಿದ್ದ. ಆದರೆ ಕೇರಿಯ ಕ್ಲಿನಿಕ್ಕಿನ ಆರೋಗ್ಯ ಕಾರ್ಯಕರ್ತೆ ಮರ್ಲೀನಳ ಕಾರಿನಲ್ಲಿ ಅವನು ಕೂತಿದ್ದನ್ನು ಜನ ನೋಡಿದ್ದರು.

ಡೋರೀನಳ ಹೊಟ್ಟೆಗೆ ಬೆಂಕಿ ಬಿತ್ತು. ಮರ್ಲೀನ್ ತುಟಿಗೆ ಬಣ್ಣ ಹಚ್ಚಿದರೂ ಅನುಮಾನ, ನಕ್ಕರೂ ಅನುಮಾನ. ಒಂದು ಮಧ್ಯಾಹ್ನ ಅವಳ ಅಂಗಳಕ್ಕೇ ನುಗ್ಗಿದಳು.

"ಊರಲ್ಲಿ ಬೇರೆ ಗಂಡಸ್ರು ಸಿಗ್ಲಿಲ್ವೇನೇ ನಿಂಗೆ?"

"ಕೂಗ್ಬೇಡ ತಂಗಿ. ಒಳಗೆ ಬಾ, ನಿನ್ ಸರದಾರನ್ನ ನೋಡು."

ಒಳಗೆ ಲಯಲ್ ಕಾಲು ಚಾಚಿ ಕೂತಿದ್ದ. ಮರ್ಲೀನ್ ಅವನ ಪಾದದ ಪಟ್ಟಿ ಬಿಚ್ಚಿದಳು. ಸಕ್ಕರೆ ಕಾಯಿಲೆಯ ಹುಣ್ಣು. ಎರಡು ಬೆರಳು ಕಪ್ಪಾಗಿದ್ದವು.

"ಆಸ್ಪತ್ರೆಗೆ ಹೋಗೋಕೆ ಏನ್ ದಾಡಿ ನಿಂಗೆ?" ಡೋರೀನ್ ಕಿರುಚಿದಳು.

"ನನ್ ಮೇಲೆ ವಾರಂಟ್ ಇದೆ ಕಣೇ. ಅಲ್ಲಿ ಹೆಸರು ಹೇಳಿದ್ರೆ ಹಿಡೀತಾರೆ. ಮನೆಗೂ ಹುಡುಕ್ಕೊಂಡ್ ಬರ್ತಾರೆ. ಲಾಕಪ್ಪಿಗೆ ಹೋದ ಚಿಕ್ಕಪ್ಪ ಹೆಣವಾಗಿ ಬಂದಿದ್ದು ಮರೆತ್ಯಾ?"

ಲೈಸೆನ್ಸ್ ಅವಧಿ ಮುಗಿದ ಮೇಲೂ ಗಾಡಿ ಓಡಿಸಿದ್ದಕ್ಕೆ ಅವನ ಮೇಲೆ ಕೇಸು. ಕೋರ್ಟಿನ ದಿನ ಅವನು ಅಜ್ಜಿಯ ಮಣ್ಣಿಗೆ ಹೋಗಿದ್ದ. ಹಾಜರಾಗಲಿಲ್ಲವೆಂದು ವಾರಂಟ್ ಹೊರಡಿಸಿದ್ದರು. ಅದೇ ರಸ್ತೆಯಲ್ಲಿ, ಅದೇ ತಪ್ಪಿಗೆ ಸಿಕ್ಕಿದ ಬಿಳಿಯ ಬ್ರೆಟ್‌ಗೆ ಪೊಲೀಸರು "ಬೇಗ ಹೊಸ ಲೈಸೆನ್ಸ್ ಮಾಡಿಸ್ಕೊಳಪ್ಪಾ" ಎಂದು ಹೇಳಿ ಬಿಟ್ಟಿದ್ದರು.

"ಅವ್ರಿಗೆ ಬುದ್ಧಿಮಾತು, ನಮಗೆ ವಾರಂಟು," ಎಂದಳು ಮರ್ಲೀನ್. "ಆ ಹೆದರಿಕೇಲಿ ನಮ್ಮೋರು ಔಷಧಿ ಬಿಡ್ತಾರೆ. ಕಾಲು ಹೋಗುತ್ತೆ, ಕಿಡ್ನಿ ಹೋಗುತ್ತೆ. ಆಮೇಲೆ ಈ ಕರಿ ಜನ ಮೈ ನೋಡ್ಕೊಳಲ್ಲ ಅಂತ ನಮಗೇ ಬೈಗುಳ. ನಮ್ಮ ಕಾನೂನು ಕೇಂದ್ರದ ವಕೀಲೆ ಹತ್ರ ಬಾ ಅಂತ ದಿನಾ ಗೋಗರೀತಿದೀನಿ ಇವನ್ನ."

"ಅವಳೂ ಹಿಡ್ಕೊಟ್ರೆ?" ಎಂದ ಲಯಲ್.

"ಮುಚ್ಚು ಬಾಯಿ!" ಎಂದಳು ಡೋರೀನ್. "ಜೈಲಿಗೆ ಹೋದ್ರೆ ನೋಡೋಕಾದ್ರೂ ಬರ್ತೀನಿ. ಮಣ್ಣಿಗೆ ಹೋದ್ರೆ?"

ಅಂದೇ ಮೂವರೂ ಹೋದರು. ವಕೀಲೆ ಅವನ ಜೊತೆ ಕೋರ್ಟಿಗೆ ಬಂದು ವಾರಂಟ್ ರದ್ದು ಮಾಡಿಸಿ, ಹೊಸ ತಾರೀಕು ಪಡೆದಳು. ಅಲ್ಲಿಂದ ಸೀದಾ ಆಸ್ಪತ್ರೆ. ಬೆರಳು ಹೋದವು. ಪಾದ ಉಳಿಯಿತು.

ವಾರ್ಡಿನ ಹೊರಗೆ ಡೋರೀನ್ ಮರ್ಲೀನಳ ಕೈ ಹಿಡಿದಳು. "ಅಕ್ಕಾ, ನಿನ್ ಮೇಲಿನ ಉರಿ ಆರ್ತು. ಈಗ ಬ್ರೆಟ್ ಹೆಂಡ್ತೀನ ನೆನೆಸ್ಕೊಂಡ್ರೆ ಉರಿಯುತ್ತೆ. ಅವಳ ಗಂಡ ನೆಗಡಿಯಾದ್ರೂ ಹೆದರದೆ ಇಲ್ಲಿಗೆ ಬರ್ತಾನೆ."

"ನಂಗೂ ಉರಿಯುತ್ತೆ ತಂಗಿ," ಎಂದಳು ಮರ್ಲೀನ್.

ಅಕ್ಕಂದಿರೇ, ಅಣ್ಣಂದಿರೇ, ಕೋರ್ಟಿಗೆ ಹೆದರಿ ಗಾಯ ಮುಚ್ಚಿಡಬೇಡಿ. ವಕೀಲರಿಗೆ ಫೋನ್ ಮಾಡಿ, ಜೊತೆಗೊಬ್ಬರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ. ಒಂದೇ ತಪ್ಪಿಗೆ ಎರಡು ನ್ಯಾಯ ಯಾಕೆಂದು ಎಲ್ಲರೂ ಸೇರಿ ಕೇಳಿ. ಅದನ್ನು ಕೇಳದೆ ನಮ್ಮವರ ಆರೋಗ್ಯ ಸುಧಾರಿಸುವುದಿಲ್ಲ.